ಶುಭ ಶುಕ್ರವಾರ ಗಂಟೆ ಬಾರಿಸದ ಅಪರಾಧ

ನಮ್ಮ ಭಾಗದ ಪೊಲೀಸ್ ಠಾಣೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಕಳ್ಳರು ಬಂದಾಗ ಗಂಟೆ ಬಾರಿಸಲಿಲ್ಲ ಎಂಬ ಕಾರಣಕ್ಕೆ ಒಬ್ಬ ಮುದುಕನ ಮೇಲೆ ಮೊಕದ್ದಮೆ ಹೂಡಿದ ಮೊದಲ ಅಧಿಕಾರಿ ಬಹುಶಃ ತಾವೇ ಇರಬೇಕು. ಮುಖತಃ ಅಭಿನಂದಿಸೋಣವೆಂದು ಠಾಣೆಗೆ ಬಂದಿದ್ದೆ. ಒಮ್ಮೆ ತಾವು ಊಟಕ್ಕೆ ಹೋಗಿದ್ದಿರಿ, ಇನ್ನೊಮ್ಮೆ ಊಟ ಮುಗಿಸಿ ವಿಶ್ರಮಿಸುತ್ತಿದ್ದಿರಿ. ಹಾಗಾಗಿ ಪತ್ರಿಕೆಯ ಸಂಪಾದಕರಲ್ಲಿ ಒಂದಿಷ್ಟು ಜಾಗ ಬೇಡಿಕೊಂಡಿದ್ದೇನೆ. ಇಲ್ಲಿ ಅಚ್ಚಾದರೆ ತಾವು ಓದದಿದ್ದರೂ ತಮ್ಮ ಮೇಲಿನವರು ಓದುತ್ತಾರೆ, ಅವರು ಓದಿದರೆ ತಾವೂ ಓದಲೇಬೇಕಾಗುತ್ತದೆ.

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ. ಜಯನಗರದ ಕೊನೆಯ ಬ್ಲಾಕಿನ ಡಾಂಬರು ಮುಗಿದು ಬೇಗೂರಿನ ಕಡೆಗೆ ಮಣ್ಣಿನ ದಾರಿ ಶುರುವಾಗುತ್ತದಲ್ಲ, ಅಲ್ಲಿ ನನ್ನದೊಂದು ದಿನಸಿ ಅಂಗಡಿಯಿದೆ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ, ನಾಲಿಗೆಯ ಮೇಲೆ ಸ್ವಲ್ಪ ಖಾರ. ನಾನು ಕ್ರೈಸ್ತನಲ್ಲ. ತಮ್ಮ ದಫೇದಾರರು ಇದನ್ನೇ ದೊಡ್ಡದು ಮಾಡಿ, "ನಿಮಗ್ಯಾಕ್ರೀ ಸಾವ್ಕಾರ್ರೇ ಅವರ ಉಸಾಬರಿ?" ಎಂದು ಕೇಳಿದರು. ನನ್ನ ಅಂಗಡಿಗೂ ಅವರ ಚರ್ಚಿಗೂ ನಡುವೆ ಇರುವುದು ಒಂದು ಹುಣಸೆ ಮರ. ಅಲ್ಲಿ ಕದ್ದವನು ನನ್ನ ಬೆಲ್ಲದ ಮೂಟೆಗೆ ಕೈಹಾಕುವ ಮೊದಲು ಮತ ಬದಲಾಯಿಸಬೇಕಾಗಿಲ್ಲ. ಉಸಾಬರಿ ಶುರುವಾಗಿದ್ದು ಹಾಗೆ. ಆಮೇಲೆ ಅದು ಸ್ನೇಹವಾಯಿತು, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ.

ಆ ಚರ್ಚನ್ನು ತಾವು ನೋಡಿದ್ದೀರಿ. ಹಂಚಿನ ಮಾಡು, ಸುಣ್ಣದ ಗೋಡೆ, ಮುಂದೆ ಒಂದು ಗಂಟೆಗೋಪುರ. ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳು, ಗಾರೆ ಕೆಲಸದವರು ಅಲ್ಲಿಗೆ ಬರುತ್ತಾರೆ. ಪಾದ್ರಿಗಳನ್ನು ಅವರು ಸ್ವಾಮಿಯವರು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಸ ಗುಡಿಸುವುದು, ಬಾಗಿಲು ಹಾಕುವುದು, ಗಂಟೆ ಹೊಡೆಯುವುದು ಎಲ್ಲವೂ ಚೌರಪ್ಪನ ಪಾಲಿನ ಕೆಲಸ. ತಮ್ಮ ಆರೋಪಿ ಇವನೇ. ವಯಸ್ಸು ಅರವತ್ತು ದಾಟಿದೆ, ಎಡ ಮಂಡಿ ಹಿಡಿದುಕೊಂಡಿದೆ, ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ಇಂಥವನನ್ನು ಹಿಡಿಯಲು ತಾವು ಜೀಪಿನಲ್ಲಿ ಬಂದಿರಿ, ಜೊತೆಗೆ ಬಂದೂಕಿನ ಪೇದೆಯೂ ಇದ್ದ.

ಹೋದ ವರ್ಷ ಅಲ್ಲಿ ಕಳ್ಳತನಗಳಾದವು. ದೀಪಾವಳಿಯ ಹೊತ್ತಿಗೆ ಹಿತ್ತಾಳೆಯ ತೂಗುದೀಪ ಹೋಯಿತು. ಕ್ರಿಸ್ಮಸ್ಸಿಗೆ ಮಣ್ಣಿನ ಬೊಂಬೆಗಳಿಂದ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟಿದ್ದರು, ಅದರ ಕುರಿಗಳನ್ನೆಲ್ಲ ಯಾರೋ ಎತ್ತಿಕೊಂಡು ಹೋದರು. ಕುರುಬರ ಬೊಂಬೆಗಳನ್ನು ಮಾತ್ರ ಬಿಟ್ಟಿದ್ದರು. ಹಬ್ಬ ಮುಗಿಯುವವರೆಗೆ ಆ ಕುರುಬರು ಕಾಯಲು ಏನೂ ಇಲ್ಲದೆ ನಿಂತಿದ್ದರು, ಥೇಟ್ ನಮ್ಮ ಬೀಟ್ ಪೇದೆಗಳ ಹಾಗೆ. ಊರಿನ ಹುಡುಗರು ರೋಸಿಹೋಗಿ, ಸರದಿಯ ಮೇಲೆ ದೊಣ್ಣೆ ಹಿಡಿದು ಕಾಯುತ್ತೇವೆ ಎಂದು ಹೊರಟರು. ಸ್ವಾಮಿಯವರು ಕಾನೂನಿಗೆ ಹೆದರುವ ಮನುಷ್ಯ. ಮೊದಲು ಪೊಲೀಸರನ್ನು ಕೇಳೋಣ ಎಂದು ನನ್ನನ್ನೂ ಕರೆದುಕೊಂಡು ಠಾಣೆಗೆ ಬಂದರು. ಒಬ್ಬ ಪೇದೆಯನ್ನು ಕೊಡಿ ಎಂದು ಬೇಡಿದರು.

ಮರುದಿನ ತಾವೇ ಚರ್ಚಿಗೆ ದಯಮಾಡಿಸಿದಿರಿ. ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ನನ್ನ ಅಂಗಡಿಯಿಂದ ಹೋದ ಕಾಫಿ ಕುಡಿಯುತ್ತ ತಾವು ಆಡಿದ ಮಾತು ನೆರೆದವರಿಗೆಲ್ಲ ನೆನಪಿದೆ. "ನೋಡಿ ಸ್ವಾಮಿಯೋರೇ, ಒಂದೊಂದು ಗುಡಿಗೂ ಒಬ್ಬೊಬ್ಬ ಪೇದೆ ಕೊಡೋಕೆ ನಾನೇನು ಪೇದೆಗಳನ್ನ ಬಿತ್ತನೆ ಮಾಡಿದೀನಾ? ಆತ್ಮರಕ್ಷಣೆ ನಿಮ್ಮ ಹಕ್ಕು, ಕಾನೂನೇ ಕೊಟ್ಟಿದೆ. ಆದ್ರೆ ದೊಣ್ಣೆಗಿಣ್ಣೆ ಬೇಡ, ಪೂಜೆ ಮಾಡೋ ಜಾಗ. ಗಂಟೆ ಇದೆಯಲ್ಲ, ಅಪಾಯ ಅನ್ನಿಸಿದ್ರೆ ಅದನ್ನ ಹೊಡೀರಿ. ಔಟ್‌ಪೋಸ್ಟ್‌ಗೂ ಕೇಳುತ್ತೆ, ಠಾಣೆಗೂ ಕೇಳುತ್ತೆ. ನಮ್ಮ ಹುಡುಗ್ರು ಓಡಿ ಬರ್ತಾರೆ." ಪರೀಕ್ಷೆಯನ್ನೂ ಮಾಡಿಸಿದಿರಿ. ಚೌರಪ್ಪ ಹಗ್ಗ ಎಳೆದ, ಠಾಣೆಯಲ್ಲಿ ನಿಲ್ಲಿಸಿದ್ದ ಪೇದೆ ಸೈಕಲ್ಲಿನಲ್ಲಿ ಬಂದು ಚೆನ್ನಾಗಿ ಕೇಳುತ್ತದೆಂದು ವರದಿ ಒಪ್ಪಿಸಿದ. ಹೊರಡುವಾಗ ಹುಡುಗರ ದೊಣ್ಣೆಗಳನ್ನು ಜೀಪಿಗೆ ಹಾಕಿಸಿಕೊಂಡಿರಿ. ಅದರೊಂದಿಗೆ ಹುಣಸೆಹಣ್ಣು ಬಡಿಯುವ ನನ್ನ ಬಿದಿರಿನ ಗಳವೂ ಹೋಯಿತು. ಅದು ಯಾರ ತಲೆ ಒಡೆಯುತ್ತದೆಂದು ತಾವು ಅಂಜಿದಿರೋ ನನಗೆ ತಿಳಿಯಲಿಲ್ಲ.

ಅಂದಿನಿಂದ ಆ ಚರ್ಚಿನ ಸಮಸ್ತ ಭದ್ರತೆ ಎಂದರೆ ಒಂದು ಗಂಟೆ, ಒಂದು ಹಗ್ಗ ಮತ್ತು ಚೌರಪ್ಪನ ಬಲ ಮಂಡಿ.

ಏರ್ಪಾಟಿನಲ್ಲಿ ಕೊರತೆಯಿದ್ದದ್ದು ಒಂದೇ. ಆ ಗಂಟೆ ವರ್ಷದಲ್ಲಿ ಎರಡು ದಿನ ಮಾತಾಡುವುದಿಲ್ಲ. ಇದನ್ನು ಯಾರೂ ತಮಗೆ ಹೇಳಲಿಲ್ಲ. ಸ್ವಾಮಿಯವರಿಗೂ ಹೊಳೆಯಲಿಲ್ಲ, ಚೌರಪ್ಪನಿಗೂ ಹೊಳೆಯಲಿಲ್ಲ. ಹುಟ್ಟಿದಂದಿನಿಂದ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಬೇಕು ಎಂದು ಯಾರಿಗೆ ತಾನೇ ತೋಚುತ್ತದೆ? ಸೋಮವಾರ ನಮ್ಮ ಮನೆಯಲ್ಲಿ ಒಪ್ಪತ್ತು ಎಂದು ನಾನು ಎಂದಾದರೂ ತಮಗೆ ತಿಳಿಸಿದ್ದೇನೆಯೇ?

ನನಗೆ ಇದು ತಿಳಿದದ್ದು ನಾನು ತುಮಕೂರಿನ ಕಡೆಯಿಂದ ಬಂದು ಅಂಗಡಿ ಇಟ್ಟ ಮೊದಲ ವರ್ಷ. ಆಗ ನಾನು ಅಂಗಡಿ ತೆರೆಯುತ್ತಿದ್ದದ್ದು ಚೌರಪ್ಪನ ಗಂಟೆ ಕೇಳಿ. ಒಂದು ದಿನ ಗಂಟೆಯೇ ಇಲ್ಲ. ಬದಲಿಗೆ ಮರಕ್ಕೆ ಮರ ಬಡಿಯುವ ಟಕಟಕ ಸದ್ದು. "ಏನಪ್ಪಾ, ಹಗ್ಗ ಕಿತ್ತುಹೋಯ್ತಾ?" ಎಂದು ಕೇಳಿದೆ. ಚೌರಪ್ಪ ಹಗ್ಗ ತೋರಿಸಿದ. ಅದನ್ನು ಎತ್ತರಕ್ಕೆ ಸುತ್ತಿ ಕಟ್ಟಿದ್ದ. "ಇವತ್ತು ಯೇಸುಸ್ವಾಮಿ ಶಿಲುಬೆ ಮ್ಯಾಲೆ ಪ್ರಾಣ ಬಿಟ್ಟ ದಿನ ಸಾವ್ಕಾರ್ರೇ. ಗುರುವಾರದ ಪೂಜೆಯಾಗೆ ಒಂದು ಕಿತ ಹೊಡೆದ್ರೆ, ಇನ್ನು ಸ್ವಾಮಿ ಎದ್ದುಬರೋ ಪಾಸ್ಕ ಹಬ್ಬದ ಪೂಜೆಗೇ ಗಂಟೆ. ಸಾವಿನ ಮನೇಲಿ ಯಾರಾನಾ ಗಂಟೆ ಹೊಡೀತಾರಾ? ಅಲ್ಲಿಗಂಟ ಇದೇಯ" ಎಂದು ಕೈಯಲ್ಲಿದ್ದುದನ್ನು ತೋರಿಸಿದ. ಹಲಸಿನ ಮರದ ದಪ್ಪ ಹಲಗೆ, ಹಿಡಿಯಲು ಒಂದು ಕಾವು, ಹಲಗೆಯ ನಡುವೆ ಅತ್ತಿತ್ತ ಬಡಿಯುವಂತೆ ಕೂರಿಸಿದ ಮರದ ಸುತ್ತಿಗೆ. ಮರದ ಗಂಟೆ ಎನ್ನುತ್ತಾರೆ. ಆ ಎರಡು ದಿನ ಜನರನ್ನು ಪೂಜೆಗೆ ಕರೆಯುವುದು ಅದೇ. ಚೌರಪ್ಪನ ಅಪ್ಪ ಮಾಡಿಸಿದ್ದಂತೆ. ತಮ್ಮ ಕಾಗದಪತ್ರಗಳಲ್ಲಿ ಅದರ ಹೆಸರು "ಮಾರಕಾಯುಧ, ಒಂದು".

ಈಗ ಈ ಸಲದ ಶುಭ ಶುಕ್ರವಾರಕ್ಕೆ ಬರುತ್ತೇನೆ. ಆ ದಿನ ಅವರು ಶಿಲುಬೆ ಹೊತ್ತು, ಅಲ್ಲಲ್ಲಿ ನಿಂತು ಪ್ರಾರ್ಥನೆ ಮಾಡುತ್ತ, ಮಾವಿನ ತೋಪು ದಾಟಿ ಕೆರೆ ಏರಿಯವರೆಗೆ ಮೆರವಣಿಗೆ ಹೋಗಿ ಮಧ್ಯಾಹ್ನ ಮರಳುತ್ತಾರೆ. ಊರಿನ ಕ್ರೈಸ್ತರೆಲ್ಲ ಹೋಗುತ್ತಾರೆ. ಮಂಡಿಯ ದೆಸೆಯಿಂದ ಚೌರಪ್ಪ ಒಬ್ಬ ಉಳಿಯುತ್ತಾನೆ. ಒಳಗೆ ಬಲಿಪೀಠದ ಬಟ್ಟೆ, ಹೂವು, ದೀಪ ಎಲ್ಲವನ್ನೂ ತೆಗೆದಿರುತ್ತಾರೆ. ಹಿತ್ತಾಳೆಯ ಮೇಣದ ಬತ್ತಿಯ ಕಂಬಗಳು, ದೇವಮಾತೆಯ ಬೆಳ್ಳಿಯ ಕಿರೀಟ ಎಲ್ಲವೂ ಪಕ್ಕದ ಕೋಣೆಯ ಒಂದೇ ಪೆಟ್ಟಿಗೆಯಲ್ಲಿ ಕೂತಿರುತ್ತವೆ. ಕಳ್ಳನಿಗೆ ಇದಕ್ಕಿಂತ ಅನುಕೂಲವಾದ ದಿನ ಪಂಚಾಂಗದಲ್ಲಿಲ್ಲ. ಅದು ಅವರಿಗೆ ಗೊತ್ತಿತ್ತು, ತಮಗೆ ಗೊತ್ತಿರಲಿಲ್ಲ.

ಮೂವರು ಬಂದರು. ಹಿಂಬಾಗಿಲ ಚಿಲಕ ಮುರಿದ ಸದ್ದಿಗೆ ಚೌರಪ್ಪ ಒಳಗೆ ಹೋಗಿ ನೋಡಿದ್ದಾನೆ. ಒಬ್ಬ ಗೋಣಿಚೀಲ ಬಿಡಿಸಿ ಹಿಡಿದಿದ್ದ, ಇನ್ನಿಬ್ಬರು ಅದಕ್ಕೆ ತುಂಬುತ್ತಿದ್ದರು. ಚೌರಪ್ಪ ಮುಂಬಾಗಿಲಿಗೆ ಬಂದ. ತಲೆಯ ಮೇಲೆ ಹಗ್ಗ, ಕೈಯಲ್ಲಿ ಮರದ ಗಂಟೆ. ಅವನು ಮರದ ಗಂಟೆ ಬಾರಿಸಿದ.

ತಮ್ಮ ಔಟ್‌ಪೋಸ್ಟಿನ ಪೇದೆಗೂ ಅದು ಕೇಳಿಸಿತು. ಆತ ಒಳ್ಳೆಯವನು, ಸುಳ್ಳು ಹೇಳಲಿಲ್ಲ. "ಟಕಟಕ ಅಂತು ಸಾರ್. ಜಯನಗರದಾಗೆ ಯಾರ್ದೋ ಹೊಸ ಮನೆಗೆ ಬಾಗಿಲು ಕೂರಿಸ್ತಾವ್ರೆ ಅನ್ಕೊಂಡೆ" ಎಂದ. ತಪ್ಪಿಲ್ಲ, ಇಲ್ಲಿ ದಿನವೂ ಒಂದು ಹೊಸ ಮನೆ ಏಳುತ್ತಿದೆ. ನಾನು ಅಂದುಕೊಂಡದ್ದು ಮೆರವಣಿಗೆ ಬೇಗ ಮರಳಿತೆಂದು. ಬಿಸಿಲಲ್ಲಿ ಉಪವಾಸ ನಡೆದು ಬರುವವರಿಗೆ ನನ್ನ ಹೆಂಡತಿ ಸರ್ವಮಂಗಳಾ ಪ್ರತಿವರ್ಷ ನೀರುಮಜ್ಜಿಗೆ ಮಾಡಿ ಕಳಿಸುತ್ತಾಳೆ. ಆ ಕೊಳದಪ್ಪಲೆಯನ್ನು ಎತ್ತಿಕೊಂಡು ಹುಣಸೆ ಮರ ದಾಟಿದೆ. ಮೆರವಣಿಗೆಯ ಸುಳಿವೇ ಇಲ್ಲ. ಬಾಗಿಲಲ್ಲಿ ಚೌರಪ್ಪನೂ ಒಬ್ಬ ದಾಂಡಿಗನೂ ಮರದ ಗಂಟೆಗಾಗಿ ಜಗ್ಗಾಡುತ್ತಿದ್ದರು. ದಾಂಡಿಗ ಅದನ್ನು ಕಿತ್ತುಕೊಳ್ಳಲು ಎಳೆದ, ಚೌರಪ್ಪ ಬಿಡಲಿಲ್ಲ, ಹಲಗೆ ತಿರುಗಿ ದಾಂಡಿಗನ ಹಣೆಗೆ ಬಡಿಯಿತು. ಅವನು ಅಲ್ಲೇ ಕುಸಿದ. ಉಳಿದಿಬ್ಬರು ಚೀಲ ಬಿಸಾಡಿ ಹೊರಗೆ ನುಗ್ಗಿದರು, ನಾನು ಕೈಯಲ್ಲಿದ್ದುದನ್ನು ಅವರ ಮೋರೆಗೆ ಎರಚಿದೆ. ಆದರೂ ಓಡಿದರು. ಮಜ್ಜಿಗೆಯಿಂದ ಯಾರೂ ನಿಲ್ಲುವುದಿಲ್ಲ ಎಂದು ಆಗ ತಿಳಿಯಿತು.

ಜೀಪಿನಲ್ಲಿ ಬಂದ ತಮಗೆ ಬಿದ್ದವನನ್ನು ನಾವೇ ಒಪ್ಪಿಸಿದೆವು, ತಾವು ಚೌರಪ್ಪನನ್ನೂ ಅದೇ ಜೀಪಿಗೆ ಹತ್ತಿಸಿದಿರಿ. ಆಮೇಲೆ ನಡೆದದ್ದು ಓದುಗರಿಗೆ ಕಟ್ಟುಕತೆ ಎನಿಸಬಹುದು, ಆದರೆ ನಾನು ಠಾಣೆಯ ಬೆಂಚಿನ ಮೇಲೆ ಕೂತು ಕೇಳಿದ್ದನ್ನೇ ಬರೆಯುತ್ತಿದ್ದೇನೆ. ಹಣೆಗೆ ಪಟ್ಟಿ ಕಟ್ಟಿಸಿಕೊಂಡ ಆ ಮಹಾನುಭಾವ, ತಾನು ದೇವರಿಗೆ ಮೇಣದ ಬತ್ತಿ ಹಚ್ಚಲು ಬಂದ ಭಕ್ತನೆಂದೂ, ಮುದುಕ ಸುಮ್ಮಸುಮ್ಮನೆ ಹೊಡೆದನೆಂದೂ ದೂರು ಕೊಟ್ಟ. ಆ ದಿನ ಬಲಿಪೀಠದ ಮೇಲೆ ಬತ್ತಿಯೂ ಇರುವುದಿಲ್ಲ, ಕಂಬವೂ ಇರುವುದಿಲ್ಲ. ಕಂಬವನ್ನು ಹುಡುಕಿಕೊಂಡು, ಬೀಗ ಹಾಕಿದ ಕೋಣೆಗೆ, ಗೋಣಿಚೀಲ ಹಿಡಿದು, ಚಿಲಕ ಮುರಿದು ಹೋಗುವಷ್ಟು ಭಕ್ತಿ ನನ್ನ ಆಯುಷ್ಯದಲ್ಲಿ ನಾನು ಕಂಡಿಲ್ಲ. ತಾವು ಅದನ್ನು ಬರೆದುಕೊಂಡಿರಿ. ನಂತರ ಚೌರಪ್ಪನ ಕಡೆಗೆ ತಿರುಗಿದಿರಿ.

"ಗಂಟೆ ಯಾಕಯ್ಯ ಹೊಡೀಲಿಲ್ಲ?"

"ಇವತ್ತು ಹೊಡೆಯಂಗಿಲ್ಲ ಸ್ವಾಮಿ."

"ಕಳ್ಳರು ಬಂದ್ರೂ ಹೊಡೆಯಂಗಿಲ್ವಾ?"

"ಕಳ್ಳರು ಬಂದ್ರು ಅಂತ ಶುಕ್ರವಾರ ಹೋಗಿ ಭಾನುವಾರ ಆಗ್ತದಾ ಸ್ವಾಮಿ?"

ಇದಕ್ಕೆ ತಾವು ನಗಬಹುದಿತ್ತು. ಯೋಚಿಸಬಹುದಿತ್ತು. ಅದರ ಬದಲು ತರ್ಕಕ್ಕೆ ಇಳಿದಿರಿ. ಅಪಾಯವಾದರೆ ಗಂಟೆ ಬಾರಿಸಬೇಕೆಂದು ಹೇಳಿತ್ತು. ಗಂಟೆ ಬಾರಿಸಲಿಲ್ಲ. ಆದ್ದರಿಂದ ಅಪಾಯವಿರಲಿಲ್ಲ. ಅಪಾಯವಿಲ್ಲದ ಮೇಲೆ ಆತ್ಮರಕ್ಷಣೆಯ ಪ್ರಶ್ನೆಯೇ ಇಲ್ಲ. ಹಾಗಾಗಿ ಇದು ಪೂಜಾಸ್ಥಳದಲ್ಲಿ ಭಕ್ತನ ಮೇಲೆ ನಡೆದ ಹಲ್ಲೆ. ಇಷ್ಟು ನುಣುಪಾದ ತರ್ಕವನ್ನು ನಾನು ಹರಿಕಥೆಯಲ್ಲೂ ಕೇಳಿಲ್ಲ. ಒಂದು ಸಣ್ಣ ಅನುಮಾನ ಮಾತ್ರ ಉಳಿದಿದೆ. ಚೌರಪ್ಪ ಕೂಗಿಕೊಂಡಿದ್ದರೆ, ಅಥವಾ ಶಂಖ ಊದಿದ್ದರೆ, ಆಗಲೂ ಅಪಾಯ ಇಲ್ಲದಂತೆಯೇ? ಕಂಚು ನುಡಿದರೆ ಮಾತ್ರ ಕಳ್ಳ ಕಳ್ಳನಾಗುವುದು, ಮರ ನುಡಿದರೆ ಭಕ್ತನಾಗುವುದು, ಇದು ದಂಡಸಂಹಿತೆಯ ಯಾವ ಕಲಮಿನಲ್ಲಿದೆ?

ನನ್ನನ್ನೂ ತಾವು ಬಿಡಲಿಲ್ಲ. "ಮಜ್ಜಿಗೆಗೆ ಏನೇನು ಹಾಕಿದ್ರಿ?" ಎಂದು ಕೇಳಿದಿರಿ. ಉಪ್ಪು, ಶುಂಠಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಎಂದೆ. ಹಸಿಮೆಣಸಿನಕಾಯಿಯ ಹತ್ತಿರ ತಮ್ಮ ಲೇಖನಿ ನಿಂತಿತು. ಕಣ್ಣಿಗೆ ಹಾನಿ ಮಾಡುವ ಉದ್ದೇಶವಿತ್ತೇ ಎಂದು ವಿಚಾರಿಸಿದಿರಿ. ಉದ್ದೇಶದ ಬಗ್ಗೆ ಸರ್ವಮಂಗಳೆಯನ್ನೇ ಕೇಳಬೇಕು, ಮೆಣಸಿನಕಾಯಿ ಜಜ್ಜಿದವಳು ಅವಳು ಎಂದೆ. ಅವಳನ್ನು ಕರೆಸುವ ಧೈರ್ಯವನ್ನು ತಾವು ತೋರಲಿಲ್ಲ. ಮಹಜರಿಗೆ ಸಹಿ ಹಾಕಿ ಎಂದಿರಿ. ಅದರಲ್ಲಿ "ಮಾರಕಾಯುಧ" ಎಂದಿದ್ದುದರಿಂದ ನಾನು ಹಾಕಲಿಲ್ಲ, ಮುಂದೆಯೂ ಹಾಕುವುದಿಲ್ಲ.

ಚೌರಪ್ಪನಿಗೆ ಜಾಮೀನು ಕೊಡಿಸೋಣವೆಂದರೆ ನ್ಯಾಯಾಲಯಕ್ಕೆ ರಜೆ. ಯಾತರ ರಜೆ? ಶುಭ ಶುಕ್ರವಾರದ ರಜೆ. ಅವನ ಹಬ್ಬಕ್ಕೆ ಮರ್ಯಾದೆ ಕೊಟ್ಟು ಸರ್ಕಾರ ಬಾಗಿಲು ಮುಚ್ಚಿದ್ದರಿಂದ ಅವನು ಒಳಗಿರಬೇಕಾಯಿತು. ಶನಿವಾರ ಮ್ಯಾಜಿಸ್ಟ್ರೇಟರು ಊರಿನಲ್ಲಿಲ್ಲ ಎಂದಿರಿ. ಭಾನುವಾರ ಭಾನುವಾರವೇ ಆಗಿತ್ತು. ಅವನ ಹೆಂಡತಿ ಮರಿಯಮ್ಮ ಗಂಜಿಯ ಚೆಂಬು ಹಿಡಿದು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. "ಸಾವ್ಕಾರ್ರೇ, ಇವ್ರನ್ನ ಜೈಲಿಗಾಕ್ತಾರಾ?" ಎಂದು ನನ್ನನ್ನು ಕೇಳಿದಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವನಿಗೆ ದೊಣ್ಣೆ ಬೇಡ, ಗಂಟೆ ಸಾಕು ಎಂದು ತಾವು ಹೇಳಿದಾಗ ಹೌದು ಹೌದೆಂದು ತಲೆಯಾಡಿಸುತ್ತ ಕಾಫಿ ಸುರಿದವನು ನಾನೇ ಅಲ್ಲವೇ?

ಸೋಮವಾರ ಜಾಮೀನಾಯಿತು. ವಿಚಾರಣೆ ಬರುವ ತಿಂಗಳಿದೆ. "ಹಗ್ಗ ಮೇಲೆ ಕಟ್ಟಿತ್ತು, ಕೈಗೆ ಎಟುಕಲಿಲ್ಲ ಅಂತ ಹೇಳಿಬಿಡಪ್ಪ, ಕೇಸು ಬಿದ್ದುಹೋಗುತ್ತೆ" ಎಂದು ವಕೀಲರು ದಾರಿ ತೋರಿಸಿದರು. "ಎಟುಕ್ತಿತ್ತು" ಎಂದ ಚೌರಪ್ಪ. ಅಷ್ಟೇ. ವಕೀಲರು ನನ್ನ ಮುಖ ನೋಡಿದರು, ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಈ ಹೇಳಿಕೆಯ ಮೇಲೆ ಅವನಿಗೆ ಶಿಕ್ಷೆಯಾಗುವ ಸಂಭವವೇ ಹೆಚ್ಚಂತೆ. ಅವನಿಗೆ ಅದರ ಚಿಂತೆ ಇದ್ದಂತಿಲ್ಲ. ಆದರೆ ಬಂದಂದಿನಿಂದ ಹಗ್ಗ ಮುಟ್ಟಿಲ್ಲ. ಕೇಸು ಇರುವವನು ದೇವರ ಗಂಟೆ ಮುಟ್ಟಬಾರದು ಎಂಬುದು ಅವನೇ ಮಾಡಿಕೊಂಡ ಕಾನೂನು. ಸ್ವಾಮಿಯವರು ಹೇಳಿದರೂ ಕೇಳುವುದಿಲ್ಲ. ಬೆಳಿಗ್ಗೆ ಗಂಟೆ ಹೊತ್ತಿಗೆ ಸರಿಯಾಗಿ ಬಂದು ಹುಣಸೆ ಮರದ ಕೆಳಗೆ ಕೂರುತ್ತಾನೆ. ಬೇರೆ ಯಾರೋ ಬಾರಿಸಿ ಮುಗಿಸಿದ ಮೇಲೆ, ಕೈ ಕೊಟ್ಟರೆ ಎದ್ದು ಮನೆಗೆ ಹೋಗುತ್ತಾನೆ. ಇದನ್ನು ನಾನು ದಿನಾ ನೋಡಬೇಕಾಗಿದೆ.

ಇನ್ನೊಂದು ಸಂಗತಿ ತಮ್ಮ ಗಮನಕ್ಕೆ ಬಂದಿರಲಾರದು. ಚೌರಪ್ಪ ತಮ್ಮ ಲಾಕಪ್ಪಿನಲ್ಲಿದ್ದಾಗಲೇ ಪಾಸ್ಕ ಹಬ್ಬದ ಪೂಜೆ ಬಂತು. ಪೂಜೆಯ ನಡುವೆ ಗಂಟೆಗೆ ಮತ್ತೆ ಬಾಯಿ ಬರುತ್ತದೆ. ಸುತ್ತಿ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಊರೆಲ್ಲ ಕೇಳುವಂತೆ, ಸಾಕೆನಿಸುವವರೆಗೆ ಬಾರಿಸುತ್ತಾರೆ. ಈ ಸಲವೂ ಬಾರಿಸಿದರು, ಅದೂ ಶನಿವಾರ ರಾತ್ರಿ, ದಿನದ ಗಂಟೆಯ ಹೊತ್ತೇ ಅಲ್ಲ. ತಮ್ಮ ಆದೇಶದಂತೆ ಅದು ಅಪಾಯದ ಗಂಟೆ. ಠಾಣೆಗೆ ಚೆನ್ನಾಗಿ ಕೇಳುತ್ತದೆಂದು ತಾವೇ ಪರೀಕ್ಷೆ ಮಾಡಿಸಿದ್ದ ಗಂಟೆ. ನಾನು ಅಂಗಡಿಯ ಮುಂದೆ ನಿಂತು ದಾರಿ ನೋಡಿದೆ. ಜೀಪು ಬರಲಿಲ್ಲ. ಸೈಕಲ್ಲೂ ಬರಲಿಲ್ಲ. ಹಬ್ಬದ ಗಂಟೆಯೆಂದು ಸುಮ್ಮನಿದ್ದೆವು ಎನ್ನುತ್ತೀರೋ? ಹಾಗಾದರೆ ಯಾವ ದಿನ ಅವರು ಗಂಟೆ ಬಾರಿಸುತ್ತಾರೆ, ಏಕೆ ಬಾರಿಸುತ್ತಾರೆ ಎಂಬುದು ತಮಗೆ ಗೊತ್ತಿತ್ತು ಎಂದಾಯಿತು. ಗೊತ್ತಿರಲಿಲ್ಲ ಎನ್ನುತ್ತೀರೋ? ಹಾಗಾದರೆ ಅಷ್ಟು ಹೊತ್ತು ಅಪಾಯದ ಗಂಟೆ ಬಡಿದರೂ ಕೂತಲ್ಲೇ ಕೂತಿದ್ದಿರಿ ಎಂದಾಯಿತು. ಎರಡರಲ್ಲಿ ತಮಗೆ ಒಪ್ಪಿಗೆಯಾದುದನ್ನು ನ್ಯಾಯಾಲಯಕ್ಕೆ ತಿಳಿಸಬೇಕು.

ಆ ಹೊತ್ತು ಠಾಣೆಯಲ್ಲಿದ್ದ ಒಬ್ಬ ಪೇದೆ ಮರುದಿನ ನನ್ನ ಅಂಗಡಿಗೆ ಬೀಡಿಗೆ ಬಂದಿದ್ದ. ಹೆಸರು ಬರೆದರೆ ತಾವು ಅವನನ್ನು ವರ್ಗ ಮಾಡುತ್ತೀರಿ, ಬರೆಯುವುದಿಲ್ಲ. "ಗಂಟೆ ಶುರುವಾಗ್ತಿದ್ದಂಗೆ ನಿಮ್ಮ ಮುದುಕಪ್ಪ ಎದ್ದು ನಿಂತ್ಬಿಟ್ಟ ಸಾರ್. ಯಾರೂ ಕೈ ಕೊಡಲಿಲ್ಲ, ಗೋಡೆ ಹಿಡ್ಕೊಂಡು ಅವನೇ ಎದ್ದ. ಮುಗಿಯೋಗಂಟ ಕಣ್ಣು ಮುಚ್ಕೊಂಡು ನಿಂತಿದ್ದ. ಆಮೇಲೆ, ಯಾರೋ ಹಗ್ಗ ಜಗ್ಗಿ ಜಗ್ಗಿ ಬಿಡ್ತಾವ್ನೆ, ಗಂಟೆ ಸೀಳೋಯ್ತದೆ ಅಂತ ಬೈಕೊಂಡ" ಎಂದು ಹೇಳಿದ. ಹೇಳುತ್ತ ಅವನೂ ನಕ್ಕ, ನಾನೂ ನಕ್ಕೆ. ಬೀಡಿಯ ಕಾಸನ್ನು ನಾನು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಮಾನ್ಯರೇ, ವಿಚಾರಣೆಯ ದಿನ ಬರುವ ಮೊದಲೇ ಚೌರಪ್ಪನ ಮೇಲಿನ ಮೊಕದ್ದಮೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮುದ್ದೆಮಾಲೆಂದು ಚೀಟಿ ಅಂಟಿಸಿ ಮೂಲೆಗೆ ಹಾಕಿರುವ ಮರದ ಗಂಟೆಗೆ ಗೆದ್ದಲು ಹತ್ತುವ ಮುಂಚೆ ಅದನ್ನು ಚರ್ಚಿಗೆ ತಲುಪಿಸಿ. ತಾವೇ ತಂದುಕೊಡಿ, ಬಂದು ಆ ಗಂಟೆಯ ಹಗ್ಗವನ್ನು ಎಲ್ಲರೆದುರು ಚೌರಪ್ಪನ ಕೈಗಿಡಿ. ತಾವು ಕೊಟ್ಟರೆ ಮುಟ್ಟುತ್ತಾನೆ. ನನ್ನ ಬಿದಿರಿನ ಗಳ ಹೋದರೆ ಹೋಗಲಿ. ಕೊನೆಯದಾಗಿ, ಆ ಚರ್ಚಿಗೆ ಒಬ್ಬ ಕಾವಲಿನವನನ್ನು ಕೊಡಿ. ಬಂದೂಕು ಬೇಡ, ಲಾಠಿ ಬೇಡ, ಎರಡೂ ಮಂಡಿ ಸರಿಯಿರಬೇಕೆಂದೂ ಇಲ್ಲ. ಗಂಟೆ ಕೇಳಿದರೆ ಎದ್ದು ನಿಲ್ಲುವವನಾಗಿದ್ದರೆ ಸಾಕು. ತಮ್ಮ ಠಾಣೆಯಲ್ಲಿ ಅಂಥವನು ಇದುವರೆಗೆ ಒಬ್ಬನೇ ಇದ್ದ, ಅವನನ್ನೂ ತಾವು ಬೀಗ ಹಾಕಿ ಇಟ್ಟಿದ್ದಿರಿ.

ಇಂತಿ,
ಹಸಿಮೆಣಸಿನಕಾಯಿಯ ಆರೋಪವನ್ನು ಹೆಂಡತಿಯ ಪರವಾಗಿ ಒಪ್ಪಿಕೊಂಡಿರುವ,
ಶಂಭುಲಿಂಗಪ್ಪ
ದಿನಸಿ ವ್ಯಾಪಾರಿ, ಹುಣಸೆ ಮರದ ಈಚೆ ಬದಿ